ಸಡಿಲ ನಟ್ಟಿಗೆ ಹೊಣೆ ಯಾರು?



ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವನನ್ನು ನೋಡಲು ಹೋದಾಗ ನಮ್ಮ ಲೈನ್ ಮನೆಗಳಲ್ಲಿ ಕೇಳಿಬರುವ ಮಾತು ಎರಡೇ. ಒಂದು, “ಹುಡುಗ ಜೋರಾಗಿ ಹೋದ.” ಇನ್ನೊಂದು, “ದೇವರ ಚಿತ್ತ.” ಚಕ್ರದ ನಟ್ಟು ಬಿಗಿಯಾಗಿತ್ತೇ ಎಂದು ಕೇಳುವವರು ಮಾತ್ರ ಯಾರೂ ಇಲ್ಲ.

ನಾನೂ ಕೇಳುತ್ತಿರಲಿಲ್ಲ. ಒಮ್ಮೆ ರಸ್ತೆ ಬದಿಯ ಅಂಗಡಿಯೊಂದರಲ್ಲಿ ಹಿಂಚಕ್ರಕ್ಕೆ ಪಂಕ್ಚರ್ ಹಾಕಿಸಿ, ಹಣ ಕೊಟ್ಟು, ಮಗಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೈಕಿನ ಹಿಂಭಾಗ ತೂಗಾಡತೊಡಗಿತು. ನಿಲ್ಲಿಸಿ ನೋಡಿದರೆ ಅಚ್ಚಿನ ನಟ್ಟು ಬೆರಳಿಗೇ ತಿರುಗುತ್ತಿತ್ತು. ಕಾಟರ್ ಪಿನ್ ಇರಲೇ ಇಲ್ಲ. ಸಮತಟ್ಟಾದ ರಸ್ತೆಯಾದ್ದರಿಂದ ಉಳಿದೆವು. ಅಂಗಡಿಯವನು ಪಿನ್ ಹಾಕಲಿಲ್ಲ, ಅದು ಅವನ ತಪ್ಪು. ಬಗ್ಗಿ ನೋಡದೆ ಮಗಳನ್ನು ಕೂರಿಸಿಕೊಂಡದ್ದು ನನ್ನ ತಪ್ಪು. ಇದರಲ್ಲಿ ದೇವರನ್ನು ಏಕೆ ಎಳೆಯಬೇಕು? ಹೊಸ ಮನೆ ಕಟ್ಟುವವನು ಮಾಳಿಗೆಯಿಂದ ಯಾರೂ ಬೀಳದಂತೆ ಸುತ್ತ ಗೋಡೆ ಕಟ್ಟಬೇಕೆಂಬ ವಿಧಿ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲೇ ಇದೆಯಲ್ಲವೇ?

ಊಟಿಯಿಂದ ಕಲ್ಹಟ್ಟಿ ಘಾಟಿಯಲ್ಲಿ ಮಸಿನಗುಡಿಗೆ ಇಳಿಯುವಾಗ 36 ಹೇರ್‌ಪಿನ್ ತಿರುವುಗಳಿವೆ. ಪ್ರತಿ ತಿರುವಿನಲ್ಲೂ ಬ್ರೇಕು, ಪ್ರತಿ ತಿರುವಿನಲ್ಲೂ ಗೇರು. ಆ ಎಳೆತವನ್ನೆಲ್ಲ ತಡೆಯುವುದು ಅಚ್ಚಿನ ತುದಿಯ ಒಂದು ನಟ್ಟು. ಅದು ಸಡಿಲವಾದರೆ ಚೈನು ಚಕ್ರವನ್ನು ಓರೆಯಾಗಿ ಎಳೆಯುತ್ತದೆ. ಚೈನು ಕಳಚಿ ಸಿಕ್ಕಿಕೊಂಡರೆ ಚಕ್ರ ನಿಂತೇ ಹೋಗಬಹುದು.

ನಾವು ಹೇಳುವ ನೆಪಗಳನ್ನು ಒಂದೊಂದಾಗಿ ನೋಡೋಣ.

“ಚೈನ್ ಬಿಗಿ ಮಾಡುವ ಸ್ಕ್ರೂ ಇದೆಯಲ್ಲ, ಅದು ಹಿಡಿದುಕೊಳ್ಳುತ್ತದೆ.” ಸುಳ್ಳು. ಅದು ಅಚ್ಚನ್ನು ಹಿಂದೆ ಸರಿಸುವುದಕ್ಕೆ ಮಾತ್ರ. ಚಕ್ರವನ್ನು ಕಚ್ಚಿ ಹಿಡಿಯುವುದು ಅಚ್ಚಿನ ನಟ್ಟೇ. ಚೈನ್ ಸರಿಮಾಡಿದ ಮೇಲೆ ಅದನ್ನು ಪೂರ್ತಿ ಬಿಗಿಯಲೇಬೇಕು.

“ಪಿನ್ ಬದಲು ತಂತಿ ಸಾಕು, ಹಳೆಯ ಪಿನ್ನೇ ಸಾಕು.” ಸಾಲದು. ಒಮ್ಮೆ ಬಗ್ಗಿಸಿ ನೆಟ್ಟಗೆ ಮಾಡಿದ ಪಿನ್ ಅಲ್ಲೇ ಮುರಿಯುತ್ತದೆ. ಹೊಸದಕ್ಕೆ ಒಂದು ಚಹಾದಷ್ಟೂ ಖರ್ಚಿಲ್ಲ. ಪಿನ್ನಿನ ರಂಧ್ರ ನಟ್ಟಿನ ಸೀಳಿಗೆ ಕೂಡದಿದ್ದರೆ ನಟ್ಟನ್ನು ಸ್ವಲ್ಪ ಮುಂದಕ್ಕೆ ಬಿಗಿಯಿರಿ, ಹಿಂದಕ್ಕೆ ಸಡಿಲಿಸಬೇಡಿ. ಪಿನ್ನಿಲ್ಲದ, ಒಳಗೆ ನೈಲಾನ್ ಉಂಗುರವಿರುವ ನಟ್ಟಾದರೆ, ಅದು ಬರಿ ಬೆರಳಿಗೆ ಸಲೀಸಾಗಿ ಕೊನೆತನಕ ತಿರುಗಿದ ದಿನ ಅದರ ಆಯುಸ್ಸು ಮುಗಿಯಿತೆಂದು ತಿಳಿದು ಬದಲಿಸಿ.

“ನನ್ನ ಕೈಗೆ ಅಂದಾಜು ಗೊತ್ತು.” ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೇಲೆ ಹತ್ತಿ ನಿಲ್ಲುವವನ ಅಂದಾಜು ಮರೆಯನ್ನು ತಿಂದುಹಾಕುತ್ತದೆ. ಮರೆ ಸವೆದ ನಟ್ಟು ಬಿಗಿಯಾದಂತೆ ಕಾಣುತ್ತದೆ, ಆದರೆ ಹಿಡಿಯುವುದಿಲ್ಲ. ಎಷ್ಟು ಬಿಗಿಯಬೇಕೆಂದು ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಅಳತೆ ಇದೆ. ಆ ಅಳತೆಗೆ ಬಿಗಿಯಲು ಟಾರ್ಕ್ ರೆಂಚ್ ಇದೆ. ಅದಿರುವ ಅಂಗಡಿಗೇ ಹೋಗಿ.

ಹಿಂದಿನ ಡ್ರಮ್ ಬ್ರೇಕಿನ ತಟ್ಟೆಯನ್ನು ಚಾಸಿಗೆ ಕಟ್ಟಿರುವ ಸರಳೊಂದಿದ್ದರೆ ಅದನ್ನೂ ಮರೆಯಬೇಡಿ. ಅದು ಕಳಚಿದರೆ ಬ್ರೇಕ್ ಒತ್ತಿದಾಗ ತಟ್ಟೆಯೇ ತಿರುಗಿ ಚಕ್ರ ಸಿಕ್ಕಿಬೀಳುತ್ತದೆ.

ಇನ್ನು ಹೊಣೆಯ ಮಾತು. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮು ಏನು ಹೇಳುತ್ತದೆ? ಅಪಾಯಕಾರಿ ದೋಷವಿರುವ ವಾಹನವನ್ನು ಸಾರ್ವಜನಿಕ ಜಾಗದಲ್ಲಿ ಓಡಿಸಿದವನು ಮಾತ್ರವಲ್ಲ, ಓಡಿಸಲು ಹಚ್ಚಿದವನೂ ಬಿಟ್ಟವನೂ ತಪ್ಪಿತಸ್ಥರು. ಆ ದೋಷ ಗೊತ್ತಿದ್ದರೆ ಸರಿಯೇ, ಸಾಧಾರಣ ಎಚ್ಚರಿಕೆಯಿಂದ ನೋಡಿದ್ದರೆ ಗೊತ್ತಾಗುವಂತಿದ್ದರೂ ಸರಿಯೇ. ಆದ್ದರಿಂದ ಕೆಲಸಕ್ಕೆಂದು ಹಳೆಯ ಬೈಕು ಕೊಟ್ಟು, “ಹೇಗೋ ನೋಡಿಕೊಂಡು ಓಡಿಸು” ಎನ್ನುವವರು ಯಾರೇ ಆಗಲಿ, ಬಿದ್ದವನ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳಲಾಗದು. ಸರಿಯಾದ ಸ್ಪ್ಯಾನರು, ಹೊಸ ಪಿನ್ನು, ನೋಡಲು ಹತ್ತು ನಿಮಿಷ, ಇವನ್ನು ಕೆಲಸದ ಹೊತ್ತಿನಲ್ಲೇ ಕೊಡಬೇಕೆಂದು ಸಂಘದ ಸಭೆಯಲ್ಲಿ ಕೇಳಿ. ಇದು ಬೇಡುವುದಲ್ಲ, ಹಕ್ಕು.

ಆದರೆ ಕೇಳುವ ಮೊದಲು ನಮ್ಮ ಅಂಗಳ ನೋಡಿಕೊಳ್ಳೋಣ. ಈ ಶನಿವಾರ ಸಂಜೆ ನಿಮ್ಮ ಲೈನಿನ ಬೈಕುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ. ಚಕ್ರವನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ, ಲಟಪಟ ಎನ್ನಬಾರದು. ಪಿನ್ ಇದೆಯೇ ನೋಡಿ. ಬಿಗಿದ ಮೇಲೆ ನಟ್ಟಿನಿಂದ ಅಚ್ಚಿನವರೆಗೆ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದು ಓದು ಬಾರದ ಅಜ್ಜಿಗೂ ತಿಳಿಯುತ್ತದೆ. ತಾಯಂದಿರೇ, ಗಂಡನೋ ಮಗನೋ ಬೈಕು ಹತ್ತುವಾಗ ಆ ಗೆರೆ ನೋಡಿದೆಯಾ ಎಂದು ಕೇಳಿ. ಅವನು ಸಿಡುಕಿದರೂ ಪರವಾಗಿಲ್ಲ, ಕೇಳಿ.