ಕಫದಲ್ಲಿ ರಕ್ತದ ಗೆರೆ: ಹೆದರಬೇಡಿ, ಮುಚ್ಚಿಡಲೂ ಬೇಡಿ

ಅಸುಂಡಿಯಿಂದ ದಿನಾಲೂ ಬಸ್ಸಿನಲ್ಲಿ ಗದಗಿನ ಕಾಲೇಜಿಗೆ ಹೋಗಿಬರುವ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಪರೀಕ್ಷೆಗೆ ಇನ್ನೊಂದೇ ತಿಂಗಳು. ಮೂರು ವಾರದಿಂದ ಬಿಡದ ಕೆಮ್ಮು, ಸಂಜೆಯಾದರೆ ಮೈ ಬೆಚ್ಚಗೆ. ಒಂದು ಬೆಳಿಗ್ಗೆ ಉಗುಳಿದ ಕಫದಲ್ಲಿ ಕೆಂಪು ಗೆರೆ ಕಾಣುತ್ತದೆ. "ಯವ್ವಾ, ಕಫದಾಗ ರಕ್ತ ಬಂದೈತಿ" ಎನ್ನುತ್ತಾಳೆ. "ಉಷ್ಣ ಆಗಿರಬೇಕು, ಮಜ್ಜಿಗಿ ಕುಡಿ. ಯಾರ ಮುಂದೂ ಹೇಳಬ್ಯಾಡ" ಎನ್ನುತ್ತಾಳೆ ತಾಯಿ.

ತಾಯಿಯ ಮೊದಲ ಮಾತು ತಿಳಿಯದೆ ಆಡಿದ್ದು. ಎರಡನೆಯದು ಹೆದರಿ ಆಡಿದ್ದು. ನಾಳೆ ಮಗಳ ಮದುವೆಯ ಮಾತು ಬಂದಾಗ ಊರವರು ಏನೆಂದಾರು ಎಂಬ ಅಂಜಿಕೆ ಅದರ ಹಿಂದಿದೆ. ಎಷ್ಟೋ ಸಲ ರೋಗಕ್ಕಿಂತ ಹೆಚ್ಚು ಹಾನಿ ಮಾಡುವುದು ಈ ಮುಚ್ಚಿಡುವಿಕೆಯೇ.

ರಕ್ತ ಎಲ್ಲಿಂದ ಬಂತು?

ಬಾಯಿಂದ ಬಂದ ರಕ್ತವೆಲ್ಲ ಎದೆಯಿಂದ ಬಂದದ್ದಲ್ಲ. ಹಲ್ಲುಜ್ಜುವಾಗ ವಸಡಿನಿಂದ ಬರಬಹುದು. ಮೂಗು ಒಡೆದು ಗಂಟಲಿಗೆ ಇಳಿದ ರಕ್ತವೂ ಕೆಮ್ಮಿದಾಗ ಹೊರಬೀಳಬಹುದು. ಹೊಟ್ಟೆಯಿಂದ ಬಂದ ರಕ್ತ ಸಾಮಾನ್ಯವಾಗಿ ವಾಂತಿಯ ಜೊತೆ, ಕಪ್ಪಾಗಿ, ಕಾಫಿ ಪುಡಿಯ ಹಾಗೆ ಇರುತ್ತದೆ. ಕೆಮ್ಮಿನೊಂದಿಗೆ ಕಫದಲ್ಲಿ ಬೆರೆತು, ಕೆಂಪಗೆ, ಕೆಲವೊಮ್ಮೆ ನೊರೆಯಾಗಿ ಬಂದರೆ ಅದು ಶ್ವಾಸಕೋಶದಿಂದ ಬಂದಿರುವ ಸಂಭವ ಹೆಚ್ಚು. ಎಷ್ಟು ಬಂತು, ಯಾವ ಬಣ್ಣ, ಎಷ್ಟು ಸಲ ಎಂಬುದನ್ನು ನೆನಪಿಟ್ಟುಕೊಂಡು ವೈದ್ಯರಿಗೆ ಹೇಳಿ. ಅವರ ಅರ್ಧ ಕೆಲಸ ಹಗುರಾಗುತ್ತದೆ.

ಕಾರಣಗಳು ಹಲವು. ಜೋರು ನೆಗಡಿ-ಕೆಮ್ಮಿನಲ್ಲಿ ಶ್ವಾಸನಾಳ ಊದಿಕೊಂಡು ಒಂದೆರಡು ಗೆರೆ ರಕ್ತ ಬರುವುದುಂಟು. ನ್ಯುಮೋನಿಯಾದಲ್ಲಿ ಬರಬಹುದು. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕೆಟ್ಟಿದ್ದರೆ ಹರೆಯದಲ್ಲಿ ಬರಬಹುದು. ಪುಟ್ಟ ಮಕ್ಕಳು ಓಡಾಡುತ್ತ ಶೇಂಗಾ ತಿನ್ನುವಾಗ ಕಾಳು ಶ್ವಾಸನಾಳಕ್ಕೆ ಜಾರಿ ಕೂತರೂ ಹೀಗಾಗುತ್ತದೆ. ಬೀಡಿ-ಸಿಗರೇಟು ಸೇದುವ ಹಿರಿಯರಲ್ಲಿ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಆದರೆ ನಮ್ಮ ನಾಡಿನಲ್ಲಿ ಮೊದಲು ನೋಡಬೇಕಾದದ್ದು ಕ್ಷಯ, ಅಂದರೆ ಟಿ.ಬಿ.

ಯಾವಾಗ ಹೋಗಬೇಕು?

ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಹಸಿವಿಲ್ಲದಿರುವುದು ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆ ಮಾಡಿಸಬೇಕು. ಕಫದಲ್ಲಿ ರಕ್ತ ಕಂಡರೆ ಎರಡು ವಾರ ಕಾಯುವ ಮಾತೇ ಇಲ್ಲ. ಒಂದೇ ಗೆರೆಯಾಗಿದ್ದರೂ ಒಂದೆರಡು ದಿನದೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕೆಲವು ಚಮಚೆಗಳಷ್ಟು ರಕ್ತ ಬಂದರೆ, ಉಸಿರು ಕಟ್ಟಿದರೆ, ಎದೆನೋವು, ತಲೆಸುತ್ತು ಬಂದರೆ, ಒಂದು ಕಾಲು ಬಾತು ನೋಯುತ್ತಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಗೆ ಹೋಗಿ. ಗದಗಿನ ಸುತ್ತಲಿನವರಿಗೆ ಮಲ್ಲಸಮುದ್ರದ ಜಿಮ್ಸ್ ಇದೆ.

ಔಷಧದ ಅಂಗಡಿಯಲ್ಲಿ ಕೇಳಿ ಗುಳಿಗೆ ನುಂಗಬೇಡಿ. ಕೆಲವು ಜೀವನಿರೋಧಕಗಳು ಕ್ಷಯವನ್ನು ತುಸುಕಾಲ ಮರೆಮಾಡುತ್ತವೆ. ಗುಣವಾಯಿತೆಂದು ನೀವು ಸುಮ್ಮನಿರುತ್ತೀರಿ, ಒಳಗೆ ರೋಗ ಬೆಳೆಯುತ್ತಿರುತ್ತದೆ.

ಪರೀಕ್ಷೆಗೆ ಎಂಜಲು ಕೊಟ್ಟರೆ ಪ್ರಯೋಜನವಿಲ್ಲ. ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ಜನರಿಂದ ದೂರ ನಿಂತು, ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ಬಂದ ಕಫವನ್ನು ಡಬ್ಬಿಗೆ ಹಾಕಿ. ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ಬಹಳ ಒಳ್ಳೆಯದು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರ ಕೆಲವೇ ಗಂಟೆಗಳಲ್ಲಿ ರೋಗಾಣು ಇದೆಯೇ ಎಂದು ಹೇಳುತ್ತದೆ.

ಅರಮನೆಗೂ ಬಂದ ರೋಗ

ಕ್ಷಯ ಬಡವರ ರೋಗ, ವಂಶದ ಶಾಪ ಎಂಬ ಮಾತಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಪುತ್ರಿಯರೂ ತೀರಿಕೊಂಡದ್ದು ಇದೇ ರೋಗದಿಂದ. ಅವರ ನೆನಪಿಗಾಗಿಯೇ 1921ರಲ್ಲಿ ಮೈಸೂರಿನ ಕ್ಷಯರೋಗ ಆಸ್ಪತ್ರೆ ಹುಟ್ಟಿತು. ಆಗ ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಯ ಊಟ ಬಿಟ್ಟರೆ ಮದ್ದಿರಲಿಲ್ಲ. ರೋಗಾಣುವನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ರಾಜಮನೆತನಕ್ಕೆ ಅಂದು ಸಿಗದ ಮದ್ದು ಇಂದು ಅಸುಂಡಿಯ ಹುಡುಗಿಗೆ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ.

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಗುಳಿಗೆ. ಒಂದೆರಡು ತಿಂಗಳಲ್ಲಿ ಕೆಮ್ಮು ನಿಂತು ಮೈ ತುಂಬಿಕೊಳ್ಳುತ್ತದೆ. ಅನೇಕರು ಎಡವುವುದು ಇಲ್ಲಿಯೇ. ನಡುವೆ ಬಿಟ್ಟರೆ ಉಳಿದ ರೋಗಾಣು ಮದ್ದಿಗೆ ಬಗ್ಗದಂತಾಗುತ್ತದೆ. ಗುಳಿಗೆ ನುಂಗುವಾಗ ಮೂತ್ರ ಕೆಂಪು-ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಿಫಾಂಪಿಸಿನ್ ಎಂಬ ಮದ್ದಿನ ಬಣ್ಣ, ರಕ್ತವಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ವೈದ್ಯರಿಗೆ ತಿಳಿಸಿ. ಪೌಷ್ಟಿಕ ಆಹಾರಕ್ಕೆಂದು ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1000 ರೂಪಾಯಿ ಆಗಿದೆ.

ಪಾಲಕರೇ, ಮಗಳ ತಟ್ಟೆ-ಲೋಟ ಬೇರೆ ಮಾಡಬೇಡಿ. ಕ್ಷಯ ಹರಡುವುದು ಕೆಮ್ಮಿದ ಗಾಳಿಯಿಂದ. ಕಿಟಕಿ ತೆರೆದಿಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಲು ಹೇಳಿ, ಮನೆಯವರೆಲ್ಲ ತಪಾಸಣೆ ಮಾಡಿಸಿಕೊಳ್ಳಿ. ಸರಿಯಾದ ಮದ್ದು ಶುರುವಾದ ಕೆಲವು ವಾರಗಳಲ್ಲಿ ಹೆಚ್ಚಿನವರಿಂದ ರೋಗ ಹರಡುವುದು ನಿಲ್ಲುತ್ತದೆ. ವೈದ್ಯರು ಒಪ್ಪಿದರೆ ಪರೀಕ್ಷೆಗೂ ಕೂಡಬಹುದು. ವರ್ಷ ಕಳೆಯಬೇಕಿಲ್ಲ. ಗುಣವಾದ ಮೇಲೆ ಮದುವೆಗೂ ಮಕ್ಕಳಿಗೂ ಅಡ್ಡಿಯಿಲ್ಲ.

ವಿದ್ಯಾರ್ಥಿ ಮಿತ್ರರೇ, ಕೆಂಪು ಗೆರೆ ಕಂಡ ದಿನವೇ ಮನೆಯಲ್ಲಿ ಹೇಳಿ. ತಾಯಂದಿರೇ, "ಯಾರ ಮುಂದೂ ಹೇಳಬ್ಯಾಡ" ಎನ್ನುವ ಬದಲು, "ನಡಿಯವ್ವಾ, ಇವತ್ತ ದವಾಖಾನಿಗೆ ಹೋಗಿ ಬರೂಣು" ಎನ್ನಿ. ಅಷ್ಟಾದರೆ ಅರ್ಧ ರೋಗ ಅಲ್ಲಿಗೇ ಸೋತಂತೆ.