ಗಿಡ ತರುವ ಮೊದಲು ನೆರಳು ಹುಡುಕಿ

ಮದುವೆಗೆಂದು ಶಿರಸಿಗೋ ಬೆಂಗಳೂರಿಗೋ ಹೋಗಿರುತ್ತೀರಿ. ಅಲ್ಲಿನ ನರ್ಸರಿಯಲ್ಲಿ ಕೆಂಪಗೆ ಹೊಳೆಯುವ ಆಂಥೂರಿಯಂ, ಗೊಂಚಲು ಆರ್ಕಿಡ್ ಕಂಡು ಮನಸ್ಸು ತಡೆಯದೆ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತೀರಿ. ಏಪ್ರಿಲ್ ಬರುವಷ್ಟರಲ್ಲಿ ಕುಂಡ ಖಾಲಿ! "ನನ್ನ ಕೈಗುಣಾನ ಛಲೋ ಇಲ್ಲ ಬಿಡ್ರಿ" ಎಂದು ಹಳಹಳಿಸುವ ಗೆಳತಿಯರು ನಮ್ಮ ಶಿಗ್ಲಿಯಲ್ಲಿ ಕಡಿಮೆಯಿಲ್ಲ.

ಇದು ಕೈಗುಣದ ತಪ್ಪಲ್ಲ. ಹೆಣ್ಣು ಕೊಡುವ ಮುಂಚೆ ಮನೆ ನೋಡುತ್ತೇವೆ, ಗಿಡ ತರುವ ಮುಂಚೆ ಮಾತ್ರ ನೋಡುವುದಿಲ್ಲ. ಆಂಥೂರಿಯಂನ ತವರು ಕೊಲಂಬಿಯಾ, ಈಕ್ವೆಡಾರ್‌ಗಳ ಮಳೆಕಾಡು. ಮಲೆನಾಡಿನವರ ಸೀತಾಳೆ ದಂಡೆಯೂ ಒಂದು ಆರ್ಕಿಡ್ಡೇ. ಮರದ ತೊಗಟೆಗೆ ಅಂಟಿ, ಮಳೆ-ಮಂಜಿನ ತೇವದಲ್ಲಿ ಬೆಳೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ, ನಮ್ಮ ಗದಗ ಜಿಲ್ಲೆಯಲ್ಲಿ ಸುಮಾರು 600 ಮಿ.ಮೀ. ಅಷ್ಟೆ!

ಹಾಗಂತ ಎಲೆ ಬಾಡಿತೆಂದು ನೀರು ಸುರಿಯಬೇಡಿ. ಮೊದಲು ಮಣ್ಣಿಗೆ ಬೆರಳಿಟ್ಟು ನೋಡಿ. ಮಣ್ಣು ಹಸಿಯಿದ್ದೂ ಗಿಡ ಜೋತಿದ್ದರೆ ಬೇರು ಕೊಳೆಯುತ್ತಿರಬಹುದು. ಆಗ ನೀರೇ ವಿಷ.

ಇಂಥ ಗಿಡಕ್ಕೆ ಬೇಕಾದದ್ದು ಗಾಳಿಯ ತಂಪು. ಕುಣಿಮಗ್ಗದ ತೇವದಲ್ಲಿ ನೂಲು ಹರಿಯುವುದು ಕಡಿಮೆ ಎಂದು ನೇಕಾರರ ಊರಿನವರಾದ ನಮಗೆ ಹೇಳಿಕೊಡಬೇಕೆ? ಬೇವಿನ ನೆರಳಿಗೋ ಪೂರ್ವದ ಪಡಸಾಲೆಗೋ ಕುಂಡಗಳನ್ನು ಒತ್ತಾಗಿ ಇಡಿ. ಬಿಸಿಲಿನ ಕಡೆ ಒದ್ದೆ ಗೋಣಿಚೀಲ ಇಳಿಬಿಡಿ. ಅಗಲ ತಟ್ಟೆಯಲ್ಲಿ ಉಸುಕು ಹರಡಿ ತೋಯಿಸಿ, ಅದರ ಮೇಲೆ ಕುಂಡವಿಡಿ. ಆರ್ಕಿಡ್‌ಗೆ ನಮ್ಮ ಎರೆಮಣ್ಣು ಬೇಡವೇ ಬೇಡ. ತೆಂಗಿನ ಸಿಪ್ಪೆ, ಇದ್ದಿಲು, ಇಟ್ಟಂಗಿ ಚೂರು ಸಾಕು. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದರೆ ಅದು ಬೋರಿನ ಗಡಸು ನೀರಿನ ಗುರುತು. ಮಳೆಗಾಲದಲ್ಲಿ ಮಾಳಿಗೆ ನೀರನ್ನು ಡ್ರಮ್ಮಿಗೆ ಹಿಡಿದು, ಸೊಳ್ಳೆ ಹೋಗದಂತೆ ಮುಚ್ಚಿಟ್ಟುಕೊಳ್ಳಿ.

ನೀರಿಗೆ ಪಾಳಿ ಹಚ್ಚುವ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಹತ್ತು ಕುಂಡಕ್ಕೆ ಹಾಕುವುದು ಶೋಕಿಯಲ್ಲ, ಅನ್ಯಾಯ. ಒಂದೋ ಎರಡೋ ಕೋಮಲ ಗಿಡ ಸಾಕು. ಉಳಿದ ಕುಂಡಗಳಲ್ಲಿ ಅಡೆನಿಯಂ ಬೆಳೆಸಿ. ಆಫ್ರಿಕಾ, ಅರೇಬಿಯಾದ ಒಣ ನೆಲದಿಂದ ಬಂದ ಈ ಗಿಡ ನಮ್ಮ ಬಿಸಿಲಿಗೆ ಹೂ ಬಿಡುತ್ತದೆ. ಅದರ ಹಾಲು ವಿಷ, ಮಕ್ಕಳ ಕೈಗೆ ಸಿಗದಂತೆ ಇಡಿ. ಅಂದ ಹಾಗೆ, ಕಪ್ಪತಗುಡ್ಡಕ್ಕೆ ಹೋದಾಗ ಅಪರೂಪದ ಗಿಡ ಕಂಡರೆ ಕಿತ್ತು ತರಬೇಡಿ. 2019ರಿಂದ ಅದು ವನ್ಯಜೀವಿಧಾಮ.

ಪಕ್ಕದ ಮನೆಯವರಲ್ಲಿ ಇಲ್ಲದ ಗಿಡ ನಮ್ಮಲ್ಲಿದೆ ಎನ್ನುವುದಕ್ಕಿಂತ, ತಂದ ಗಿಡ ಮುಂದಿನ ಯುಗಾದಿಗೂ ಚಿಗುರಿದೆ ಎನ್ನುವುದೇ ಹೆಮ್ಮೆಯಲ್ಲವೇ? ನೀವೇನಂತೀರಿ?