ಸೂಚನಾ ಪುಸ್ತಕ ಹೋಯಿತು, ಡಂಗುರ ಬಂದಿತು

ಶಿಕ್ಷಕರೊಬ್ಬರು ವಾರಕ್ಕೆ ಎಷ್ಟು ಅವಧಿ ಪಾಠ ಮಾಡಬೇಕು ಎಂಬುದಕ್ಕೆ ವೇಳಾಪಟ್ಟಿಯಿದೆ. ಅದೇ ಶಿಕ್ಷಕರು ದಿನಕ್ಕೆ ಎಷ್ಟು ಸಂದೇಶಗಳನ್ನು ಓದಬೇಕು, ಎಷ್ಟಕ್ಕೆ ಉತ್ತರಿಸಬೇಕು, ಎಷ್ಟು ಛಾಯಾಚಿತ್ರಗಳನ್ನು ಕಳುಹಿಸಬೇಕು ಎಂಬುದಕ್ಕೆ ಯಾವ ವೇಳಾಪಟ್ಟಿಯೂ ಇಲ್ಲ. ಖಾಸಗಿ ಶಾಲೆಗಳಲ್ಲಿ ಸಿಬ್ಬಂದಿಗೆಲ್ಲ ಏಕಕಾಲಕ್ಕೆ ರವಾನೆಯಾಗುವ ಇ-ಮೇಲ್, ಸರ್ಕಾರಿ ಶಾಲೆಗಳಲ್ಲಿ ಕ್ಲಸ್ಟರ್ ಹಾಗೂ ತಾಲ್ಲೂಕು ಮಟ್ಟದ ವಾಟ್ಸ್‌ಆಪ್ ಗುಂಪುಗಳು ಇಂದು ಶಾಲಾಡಳಿತದ ನರಮಂಡಲವೇ ಆಗಿವೆ. ಹೀಗಿದ್ದೂ, ಈ ಸಂಪರ್ಕಕ್ಕೆ ನಿಯಮವೇನು, ಮಿತಿಯೇನು, ಹೊಣೆ ಯಾರದು ಎಂಬ ಪ್ರಶ್ನೆಗಳು ಚರ್ಚೆಗೆ ಬರುವುದು ಅಪರೂಪ. ಶಿಕ್ಷಕರ ಬೇಸರದ ಮಾತೆಂದು ಇದನ್ನು ಬದಿಗೊತ್ತುವಂತಿಲ್ಲ. ಪ್ರತಿ ಸಂದೇಶವೂ ಯಾರದೋ ಸಮಯವನ್ನು ಕೇಳುತ್ತದೆ. ಶಾಲೆಯಲ್ಲಿ ಆ ಸಮಯ ಬಹುಮಟ್ಟಿಗೆ ಮಕ್ಕಳದು.

ಮೂರು ಗುಣಗಳು

ಹಿಂದೆ ಶಾಲೆಯ ಆಂತರಿಕ ಸಂಪರ್ಕಕ್ಕೆ ಇದ್ದ ಸಾಧನ ಸೂಚನಾ ಪುಸ್ತಕ. ಮುಖ್ಯೋಪಾಧ್ಯಾಯರು ತಮ್ಮ ಕೈಯಾರೆ ಬರೆದ ಸೂಚನೆಯನ್ನು ಜವಾನನೋ ಹಿರಿಯ ವಿದ್ಯಾರ್ಥಿಯೋ ತರಗತಿಯಿಂದ ತರಗತಿಗೆ ಒಯ್ಯುತ್ತಿದ್ದರು. ಶಿಕ್ಷಕರು ಓದಿ ಸಹಿ ಹಾಕುತ್ತಿದ್ದರು. ಮೇಲಿನ ಕಚೇರಿಯ ಸುತ್ತೋಲೆಗಳು ಟಪಾಲಿನಲ್ಲಿ ಬರುತ್ತಿದ್ದವು. 1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅದರ ಬೆನ್ನಿಗೆ ಬಂದ ಸರ್ವಶಿಕ್ಷಾ ಅಭಿಯಾನಗಳು ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳನ್ನು ಬೆಳೆಸಿದ ಮೇಲೆ, ಸಮಾಲೋಚನಾ ಸಭೆಗಳಲ್ಲಿ ಶಿಕ್ಷಕರು ಮುಖಾಮುಖಿ ಕುಳಿತು ಮಾತನಾಡುವ ವ್ಯವಸ್ಥೆಯೂ ಬಂದಿತು.

ಆ ವ್ಯವಸ್ಥೆ ನಿಧಾನವಾಗಿತ್ತು, ನಿಜ. ಆದರೆ ಅದಕ್ಕೆ ಮೂರು ಗುಣಗಳಿದ್ದವು. ಸೂಚನೆ ನೀಡಿದವರು ಯಾರು, ಎಂದು ನೀಡಿದರು, ಯಾರು ಯಾರು ಓದಿದರು ಎಂಬುದು ಒಂದೇ ಪುಟದಲ್ಲಿ ಸಿಗುತ್ತಿತ್ತು. ವರ್ಗವಾಗಿ ಬಂದ ಹೊಸ ಶಿಕ್ಷಕರು ಪುಟ ತಿರುವಿ ಶಾಲೆಯ ಹಿಂದಿನ ನಡಾವಳಿ ಅರಿಯಬಹುದಾಗಿತ್ತು. ಇದಕ್ಕಿಂತ ಮುಖ್ಯವಾಗಿ, ಕೈಬರಹದ ಶ್ರಮವೇ ಅನಗತ್ಯ ಸೂಚನೆಗೆ ಕಡಿವಾಣವಾಗಿತ್ತು. ಇಂದು ಸಂದೇಶ ಕಳುಹಿಸುವವರಿಗೆ ತಗಲುವುದು ಬೆರಳ ತುದಿಯ ಒಂದು ಸ್ಪರ್ಶ ಮಾತ್ರ. ಅದರ ಬೆಲೆಯನ್ನು ಓದುವ ನೂರು ಮಂದಿ ತೆರುತ್ತಾರೆ. ಸಮಸ್ಯೆಯ ಬೇರು ಈ ಅಸಮತೋಲನದಲ್ಲಿದೆ.

2020ರ ಮಾರ್ಚ್‌ನಲ್ಲಿ ಕೊರೊನಾ ನಿಮಿತ್ತ ಶಾಲೆಗಳು ಮುಚ್ಚಿದಾಗ ಮೊಬೈಲ್ ಫೋನೇ ಶಾಲೆಯಾಯಿತು. ಅದೇ ವರ್ಷ ರಾಜ್ಯದಲ್ಲಿ ಜಾರಿಗೆ ಬಂದ ವಿದ್ಯಾಗಮ ಕಾರ್ಯಕ್ರಮದ ಕಾಲದಲ್ಲಿ ಶಿಕ್ಷಕರು ಮಕ್ಕಳನ್ನೂ ಪೋಷಕರನ್ನೂ ಮೇಲಧಿಕಾರಿಗಳನ್ನೂ ಒಂದೇ ಸಾಧನದ ಮೂಲಕ ತಲುಪಬೇಕಾಯಿತು. ಆಪತ್ಕಾಲದಲ್ಲಿ ಅದು ಅನಿವಾರ್ಯವೇ ಆಗಿತ್ತು. ಆಪತ್ತು ಕಳೆಯಿತು, ರೂಢಿ ಉಳಿಯಿತು. ರಾತ್ರಿ ಹತ್ತಕ್ಕೆ ಬರುವ ಸೂಚನೆ ಈಗ ಯಾರಿಗೂ ಅಸಹಜವೆನಿಸುವುದಿಲ್ಲ.

ಸಂವಾದವಲ್ಲ, ಡಂಗುರ

ಸಂಪರ್ಕವೆಂದರೆ ಎರಡು ಕಡೆಯಿಂದಲೂ ಹರಿಯಬೇಕಾದದ್ದು. ಇಂದಿನ ಗುಂಪುಗಳಲ್ಲಿ ನಡೆಯುತ್ತಿರುವುದೇನು? ನಿರ್ವಾಹಕರಷ್ಟೇ ಸಂದೇಶ ಹಾಕಬಹುದಾದ ಸೌಲಭ್ಯವನ್ನು ವಾಟ್ಸ್‌ಆಪ್ 2018ರಲ್ಲಿ ಒದಗಿಸಿತು. ಅಧಿಕೃತ ಗುಂಪುಗಳಿಗೆ ಇದು ವರವಾಗಿ ಕಂಡಿತು. ಆದರೆ ಈ ಬಗೆಯ ಗುಂಪಿನಲ್ಲಿ, ‘ಈ ನಮೂನೆಯ ನಾಲ್ಕನೆಯ ಕಲಂ ನಮ್ಮ ಶಾಲೆಗೆ ಅನ್ವಯಿಸುವುದಿಲ್ಲ’ ಎಂದು ಹೇಳಲು ಏಕೋಪಾಧ್ಯಾಯ ಶಾಲೆಯ ಶಿಕ್ಷಕಿಗೆ ಅವಕಾಶವಿಲ್ಲ. ಡಂಗುರ ಸಾರುವವನು ಉತ್ತರ ಕೇಳಲು ನಿಲ್ಲುವುದಿಲ್ಲವಷ್ಟೆ.

ಎಲ್ಲರೂ ಬರೆಯಬಹುದಾದ ಗುಂಪುಗಳ ಪಾಡು ಇನ್ನೊಂದು ಬಗೆಯದು. ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಸಂಘದ ಸುದ್ದಿ, ಎಲ್ಲಿಂದಲೋ ಬಂದ ವೀಡಿಯೊಗಳ ನಡುವೆ ಪರೀಕ್ಷಾ ಕೇಂದ್ರದ ಬದಲಾವಣೆಯ ಆದೇಶ ಹೂತುಹೋಗುತ್ತದೆ. ಇ-ಮೇಲ್ ಬಳಸುವ ಶಾಲೆಗಳಲ್ಲಿ, ಒಬ್ಬರಿಗೆ ಹೇಳಬೇಕಾದ ಉತ್ತರವನ್ನು ಎಲ್ಲರಿಗೂ ಕಳುಹಿಸುವ ಅಭ್ಯಾಸ ಇದೇ ಗೊಂದಲವನ್ನು ಸೃಷ್ಟಿಸುತ್ತದೆ. ಎಂಟು ಮಂದಿಯ ಶಾಲೆಯಲ್ಲಿ ಅದು ಸಹ್ಯವಾದೀತು. ನೂರಿಪ್ಪತ್ತು ಮಂದಿ ಸಿಬ್ಬಂದಿಯಿರುವ ನಗರದ ಶಾಲೆಯಲ್ಲಿ ಒಂದು ‘ಧನ್ಯವಾದ’ವೂ ನೂರಿಪ್ಪತ್ತು ಮಂದಿಯ ಗಮನವನ್ನು ಕದಡುತ್ತದೆ.

ಇದಕ್ಕಿಂತ ನೋವಿನ ಸಂಗತಿ, ಬಾಕಿ ಪಟ್ಟಿಯನ್ನು ಎಲ್ಲರೆದುರು ಪ್ರಕಟಿಸುವ ಪದ್ಧತಿ. ಮಾಹಿತಿ ಸಲ್ಲಿಸದ ಶಾಲೆಗಳ ಹೆಸರನ್ನು ಕೆಂಪು ಬಣ್ಣದಲ್ಲಿ ಗುರುತಿಸಿ ಇಡೀ ತಾಲ್ಲೂಕಿನ ಗುಂಪಿಗೆ ಹಾಕಿದರೆ ಕೆಲಸ ಬೇಗ ಆಗಬಹುದು. ಆದರೆ ಜಾಲ ಸಂಪರ್ಕವೇ ಸಿಗದ ಗುಡ್ಡದ ಊರಿನ ಶಾಲೆ ಮತ್ತು ನಿಜಕ್ಕೂ ಉದಾಸೀನ ತೋರಿದ ಶಾಲೆ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಜ್ಞಾಪನ ಪತ್ರ ನೀಡಿದರೆ ವಿವರಣೆ ಸಲ್ಲಿಸಲು ಅವಕಾಶವುಂಟು. ಗುಂಪಿನಲ್ಲಿ ಆದ ಅವಮಾನಕ್ಕೆ ಸಮಜಾಯಿಷಿ ನೀಡುವ ವೇದಿಕೆಯೇ ಇಲ್ಲ.

ಗುಂಪಿನ ಬಾಯಿ ಕಟ್ಟಲು ಕೊಡುವ ಕಾರಣಗಳಲ್ಲೊಂದು, ಸದಸ್ಯರು ಹಾಕಿದ್ದಕ್ಕೆಲ್ಲ ನಿರ್ವಾಹಕರೇ ಹೊಣೆಯಾದಾರು ಎಂಬ ಭಯ. ಸದಸ್ಯರ ಆಕ್ಷೇಪಾರ್ಹ ಬರಹಕ್ಕೆ ನಿರ್ವಾಹಕ ಎಂಬ ಒಂದೇ ಕಾರಣದಿಂದ ಯಾರನ್ನೂ ಹೊಣೆಯಾಗಿಸಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟು 2022ರಲ್ಲಿ ತೀರ್ಪು ನೀಡಿವೆ. ಆದ್ದರಿಂದ ಈ ಭಯವನ್ನೇ ಮುಂದೊಡ್ಡಿ ಶಿಕ್ಷಕರ ಪ್ರಶ್ನೆಗಳನ್ನು ತಡೆಯುವುದಕ್ಕೆ ಹೆಚ್ಚಿನ ಆಧಾರವಿಲ್ಲ.

‘ತಲುಪಿದೆ’ ಎಂದರೇನು?

ಸಂದೇಶ ನೋಡಲಿಲ್ಲ ಎಂಬ ಶಿಕ್ಷಕರ ಮಾತು, ನೋಡಬೇಕಾಗಿತ್ತು ಎಂಬ ಅಧಿಕಾರಿಗಳ ಮಾತು: ಈ ಜಗಳ ಇಂದು ಸಾಮಾನ್ಯ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ವಿದ್ಯುನ್ಮಾನ ದಾಖಲೆಗಳಿಗೆ ಕಾನೂನಿನ ಮಾನ್ಯತೆ ನೀಡಿದೆ. ಅದರ 13ನೇ ಕಲಂ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ದಾಖಲೆಯೊಂದು ಯಾವಾಗ ತಲುಪಿತೆಂದು ಭಾವಿಸಬೇಕು ಎಂಬುದನ್ನು ವಿವರಿಸುತ್ತದೆ. ಸ್ವೀಕರಿಸುವವರು ಇಂಥ ವಿಳಾಸಕ್ಕೇ ಕಳುಹಿಸಿ ಎಂದು ಗೊತ್ತುಪಡಿಸಿದ್ದರೆ, ದಾಖಲೆ ಅಲ್ಲಿಗೆ ಸೇರಿದ ಕ್ಷಣವೇ ತಲುಪಿದಂತೆ. ಗೊತ್ತುಪಡಿಸಿದ್ದನ್ನು ಬಿಟ್ಟು ಅವರ ಬೇರೊಂದು ವಿಳಾಸಕ್ಕೆ ಕಳುಹಿಸಿದರೆ, ಅವರು ಅದನ್ನು ತೆರೆದು ಪಡೆದುಕೊಂಡಾಗ ಮಾತ್ರ ತಲುಪಿದಂತೆ.

ಈ ತತ್ತ್ವ ಶಾಲಾಡಳಿತಕ್ಕೆ ಒಳ್ಳೆಯ ದಾರಿದೀಪವಾಗಬಲ್ಲದು. ಶಾಲೆಗೊಂದು ಅಧಿಕೃತ ವಿಳಾಸ ಗೊತ್ತುಪಡಿಸಿ, ಆದೇಶಗಳನ್ನೆಲ್ಲ ಅಲ್ಲಿಗೇ ಕಳುಹಿಸಿದರೆ ‘ನೋಡಲಿಲ್ಲ’ ಎಂಬ ನೆಪಕ್ಕೆ ಆಸ್ಪದವಿಲ್ಲ. ಬದಲಿಗೆ, ಮುಖ್ಯೋಪಾಧ್ಯಾಯರ ಸ್ವಂತ ಫೋನಿನ ಹತ್ತಾರು ಗುಂಪುಗಳಲ್ಲಿ ಎಲ್ಲೋ ಒಂದೆಡೆ ಆದೇಶ ಎಸೆದು, ಅದು ತಲುಪಿದೆಯೆಂದು ಭಾವಿಸುವುದು ನ್ಯಾಯವೆನಿಸದು. ಫೋನ್ ಅವರದು, ಅದರ ಶುಲ್ಕ ಅವರದು. ಅವರು ನಿವೃತ್ತರಾದಾಗ ಅಥವಾ ವರ್ಗವಾದಾಗ ಶಾಲೆಯ ಪತ್ರವ್ಯವಹಾರದ ನೆನಪೆಲ್ಲ ಆ ಫೋನಿನೊಡನೆ ಊರು ಬಿಡುತ್ತದೆ.

ಕಾನೂನು ಕಾಯುವ ಸಮಯ

ಶಿಕ್ಷಕರ ಸಮಯ ಮಕ್ಕಳ ಹಕ್ಕಿನ ಭಾಗವೆಂಬುದು ಭಾವುಕ ಮಾತಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ ಹಾಗೂ 800 ಗಂಟೆ, ಆರರಿಂದ ಎಂಟನೇ ತರಗತಿಗೆ 220 ದಿನ ಹಾಗೂ 1000 ಗಂಟೆಗಳ ಬೋಧನೆಯನ್ನು ನಿಗದಿಪಡಿಸಿದೆ. ಶಿಕ್ಷಕರಿಗೆ ಪಾಠದ ಸಿದ್ಧತೆಯೂ ಸೇರಿ ವಾರಕ್ಕೆ 45 ಗಂಟೆ. ಅದೇ ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳ ಹೊರತು ಬೇರಾವ ಬೋಧನೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸಬಾರದೆನ್ನುತ್ತದೆ. ಇದಕ್ಕೂ ಮುನ್ನ, 2007ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಮತದಾರರ ಪಟ್ಟಿ ಪರಿಷ್ಕರಣೆಯ ಕೆಲಸಕ್ಕೆ ಶಿಕ್ಷಕರನ್ನು ರಜಾದಿನಗಳಲ್ಲಿ ಮತ್ತು ಬೋಧನೆಯಿಲ್ಲದ ವೇಳೆಯಲ್ಲಿ ಬಳಸಿಕೊಳ್ಳಬೇಕೆಂದು ಹೇಳಿತ್ತು.

ಕಾಯ್ದೆಯ ಕಣ್ಣಿಗೆ ಬೀಳುವುದು ನಿಯೋಜನೆ, ಸಂದೇಶವಲ್ಲ. ಶಿಕ್ಷಕರನ್ನು ಶಾಲೆಯಿಂದ ಹೊರಗೆ ಕಳುಹಿಸಿದರೆ ಅದು ದಾಖಲಾಗುತ್ತದೆ. ಶಾಲೆಯೊಳಗೆ, ತರಗತಿಯ ನಡುವೆಯೇ, ‘ಕೂಡಲೇ ಭರ್ತಿ ಮಾಡಿ’ ಎಂಬ ನಮೂನೆ ಬಂದು ಅರ್ಧ ಗಂಟೆ ಕಬಳಿಸಿದರೆ ಅದು ಎಲ್ಲಿಯೂ ದಾಖಲಾಗುವುದಿಲ್ಲ. ಶಿಕ್ಷಕರು ತರಗತಿಯಲ್ಲಿಯೇ ಇದ್ದಾರೆ, ಪಾಠ ಮಾತ್ರ ಇಲ್ಲ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಫೋನಿಗೆ ಕುಳಿತರೆ ಐದು ತರಗತಿಗಳು ಇನ್ನೊಬ್ಬರ ಪಾಲಿಗೆ ಬೀಳುತ್ತವೆ. ಇದರ ನಷ್ಟ ಹೊರುವ ಮಕ್ಕಳು ಬಹುಪಾಲು ಕೂಲಿಕಾರರ, ಸಣ್ಣ ರೈತರ ಮನೆಯವರು ಎಂಬುದನ್ನು ಮರೆಯಲಾಗದು.

2025ರಲ್ಲಿ ರಾಜ್ಯದಲ್ಲಿ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಗಣತಿದಾರರಲ್ಲಿ ಬಹುಪಾಲು ಶಿಕ್ಷಕರೇ ಇದ್ದರು. ಅದು ಮುಗಿಯಲೆಂದು ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. 2027ರ ಜನಗಣತಿಯು ಮೊಬೈಲ್ ಆಪ್ ಮೂಲಕ ನಡೆಯುವಂತೆ ರೂಪುಗೊಂಡ ದೇಶದ ಮೊದಲ ಗಣತಿ. ಇಂಥ ಕಾರ್ಯಗಳ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೆ ಪ್ರತಿಯೊಂದು ಕಾರ್ಯವೂ ತನ್ನದೇ ಗುಂಪು, ತನ್ನದೇ ಗಡುವುಗಳನ್ನು ಹೊತ್ತು ತಂದರೆ ಫಲವೇನೆಂದು ಊಹಿಸುವುದು ಕಷ್ಟವಲ್ಲ.

ಮಕ್ಕಳ ಮಾಹಿತಿ ಬೀದಿಗೆ

ಮತ್ತೊಂದು ಅಪಾಯ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಆಧಾರ್ ಸಂಖ್ಯೆ, ಜಾತಿ, ಪೋಷಕರ ಆದಾಯ, ಬ್ಯಾಂಕ್ ಖಾತೆ, ಅಂಗವೈಕಲ್ಯದ ವಿವರಗಳಿರುವ ಪಟ್ಟಿಗಳು ಗುಂಪಿಗೆ ಬಿದ್ದರೆ, ಸಂಬಂಧವೇ ಇಲ್ಲದ ನೂರಾರು ಖಾಸಗಿ ಫೋನುಗಳಲ್ಲಿ ಉಳಿದುಬಿಡುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಗೆ ವಿಶೇಷ ರಕ್ಷಣೆಯನ್ನು ಕಲ್ಪಿಸಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ರಾಜ್ಯದಲ್ಲಿ ವಿದ್ಯಾರ್ಥಿಗಳ ವಿವರಕ್ಕೆಂದೇ ಎಸ್‌ಎಟಿಎಸ್ ಎಂಬ ತಂತ್ರಾಂಶವಿದೆ. ಅಲ್ಲಿ ಈಗಾಗಲೇ ಇರುವ ಅಂಕಿ ಅಂಶಗಳನ್ನೇ ಮತ್ತೊಮ್ಮೆ ಗುಂಪಿನಲ್ಲಿ ಕೇಳುವುದು ದುಂದು ಮಾತ್ರವಲ್ಲ, ಅಪಾಯಕಾರಿಯೂ ಹೌದು.

ಅಧಿಕಾರಿಗಳ ಪಾಡು

ಹಾಗೆಂದು ಎಲ್ಲ ತಪ್ಪನ್ನೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ತಲೆಗೆ ಕಟ್ಟುವುದು ಸರಿಯಲ್ಲ. ಮೇಲಿನ ಕಚೇರಿಯಲ್ಲಿ ಹತ್ತು ದಿನವಿದ್ದ ಗಡುವು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ, ಪ್ರತಿ ಹಂತದಲ್ಲೂ ಒಂದಿಷ್ಟು ಸವೆದು, ಶಾಲೆ ತಲುಪುವಾಗ ಎರಡು ಗಂಟೆಯಾಗಿರುತ್ತದೆ. ಪರಿಶೀಲನಾ ಸಭೆಯಲ್ಲಿ ಉತ್ತರ ಹೇಳಬೇಕಾದ ಅಧಿಕಾರಿಗೆ ಗುಂಪಲ್ಲದೆ ಬೇರೆ ದಾರಿ ಕಾಣುವುದಿಲ್ಲ. ತ್ವರಿತ ಸಂದೇಶದ ಉಪಯೋಗವನ್ನೂ ಒಪ್ಪಬೇಕು. ಮುಂಗಾರಿನಲ್ಲಿ ದಕ್ಷಿಣ ಕನ್ನಡ, ಉಡುಪಿ, ಕೊಡಗಿನ ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದಾಗ, ತುಂಬಿ ಹರಿಯುವ ಹೊಳೆ ದಾಟಬೇಕಾದ ಮಕ್ಕಳಿಗೆ ಆ ಸುದ್ದಿ ಬೆಳಗಾಗುವುದರೊಳಗೆ ಮುಟ್ಟುವುದು ಇದೇ ಗುಂಪುಗಳಿಂದ. ಆದರೆ ಮಳೆ ರಜೆಯ ಸುದ್ದಿಗೂ ಕಾರ್ಯಕ್ರಮದ ಛಾಯಾಚಿತ್ರ ಕೇಳುವ ಸೂಚನೆಗೂ ಒಂದೇ ಗಂಟೆ ಬಾರಿಸಿದರೆ, ನಿಜವಾದ ತುರ್ತಿಗೆ ಕಿವಿಗೊಡುವವರು ಯಾರು?

ಕೆಲಸದ ವೇಳೆಯ ನಂತರದ ಸಂಪರ್ಕಕ್ಕೆ ಉತ್ತರಿಸದಿರುವ ಹಕ್ಕನ್ನು ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರಿಂದ ಕಾನೂನಿನಲ್ಲಿ ಮಾನ್ಯ ಮಾಡಿವೆ. ಇಂಗ್ಲೆಂಡಿನ ಶಿಕ್ಷಣ ಇಲಾಖೆ 2021ರಲ್ಲಿ ಪ್ರಕಟಿಸಿದ ಸಿಬ್ಬಂದಿ ಕ್ಷೇಮದ ಸನ್ನದು, ಅದಕ್ಕೆ ಸ್ವಇಚ್ಛೆಯಿಂದ ಸಹಿ ಹಾಕುವ ಶಾಲೆಗಳು ಸ್ಪಷ್ಟವಾದ ಸಂಪರ್ಕ ನೀತಿ ರೂಪಿಸಬೇಕೆನ್ನುತ್ತದೆ. ನಮ್ಮ ಲೋಕಸಭೆಯಲ್ಲಿ ಸಂಸದೆ ಸುಪ್ರಿಯಾ ಸುಳೆ ಈ ಕುರಿತು 2018ರಲ್ಲಿಯೂ 2025ರಲ್ಲಿಯೂ ಖಾಸಗಿ ಮಸೂದೆ ಮಂಡಿಸಿದ್ದಾರೆ.

ಆಗಬೇಕಾದದ್ದೇನು?

ಇದಕ್ಕೆ ಹೊಸ ಕಾಯ್ದೆಯ ತನಕ ಕಾಯಬೇಕಿಲ್ಲ. ಒಂದು ಸುತ್ತೋಲೆ ಸಾಕು. ಆದೇಶಗಳಿಗೆ ಶಾಲೆಯ ಅಧಿಕೃತ ಇ-ಮೇಲ್ ಒಂದೇ ಮಾರ್ಗವಾಗಲಿ. ಪ್ರತಿಯೊಂದಕ್ಕೂ ಸಂಖ್ಯೆ, ದಿನಾಂಕ, ಹೊರಡಿಸಿದವರ ಹುದ್ದೆ ಇರಲಿ. ಆ ಖಾತೆ ವ್ಯಕ್ತಿಯದಾಗದೆ ಶಾಲೆಯದಾಗಿರಲಿ. ತ್ವರಿತ ಸಂದೇಶದ ಗುಂಪು ಮಳೆ, ಅಪಘಾತ, ಪರೀಕ್ಷೆಯ ಬದಲಾವಣೆಗಳಂಥ ತುರ್ತಿಗಷ್ಟೇ ಮೀಸಲಿರಲಿ. ತರಗತಿಯ ವೇಳೆಯಲ್ಲಿ ಹಾಗೂ ಸಂಜೆಯ ನಂತರ ಮಾಹಿತಿ ಕೇಳುವುದು ನಿಲ್ಲಲಿ. ಗಡುವು ಕನಿಷ್ಠ ಮೂರು ಕೆಲಸದ ದಿನಗಳಾದರೂ ಇರಲಿ. ಬಾಕಿಯಿದ್ದವರನ್ನು ಖಾಸಗಿಯಾಗಿ ವಿಚಾರಿಸಲಿ. ಮಕ್ಕಳ ವಿವರಗಳು ಯಾವ ಗುಂಪಿಗೂ ಬೀಳದಿರಲಿ. ಶಾಲೆಯೊಳಗೆ ವಾರಕ್ಕೊಮ್ಮೆಯಾದರೂ ಶಿಕ್ಷಕರು, ಅತಿಥಿ ಶಿಕ್ಷಕರೂ ಸೇರಿದಂತೆ, ಒಟ್ಟಿಗೆ ಕುಳಿತು ಮಾತನಾಡಲಿ. ಹಿಂದುಳಿದ ಮಗುವಿನ ಬಗ್ಗೆ ಇಬ್ಬರು ಶಿಕ್ಷಕರು ಆಡುವ ಹತ್ತು ನಿಮಿಷದ ಮಾತಿಗೆ ಯಾವ ಸಂದೇಶವೂ ಸಮನಾಗದು.

ಇವುಗಳಲ್ಲಿ ಯಾವುದಕ್ಕೂ ಹಣ ಬೇಕಿಲ್ಲ, ಬೇಕಿರುವುದು ಸಂಯಮ. ಸಂದೇಶ ಕಳುಹಿಸುವವರು, ಅವರು ಸಚಿವಾಲಯದಲ್ಲಿರಲಿ, ತಾಲ್ಲೂಕು ಕಚೇರಿಯಲ್ಲಿರಲಿ, ಖಾಸಗಿ ಶಾಲೆಯ ಆಡಳಿತ ಮಂಡಳಿಯಲ್ಲಿರಲಿ, ಬೆರಳು ಒತ್ತುವ ಮುನ್ನ ಒಂದು ಕ್ಷಣ ಯೋಚಿಸಬೇಕು: ಈ ಗಳಿಗೆಯಲ್ಲಿ ಇದನ್ನು ಓದಲಿರುವವರ ಎದುರು ಮಕ್ಕಳು ಕುಳಿತಿರಬಹುದಲ್ಲವೆ? ಇಲಾಖೆಯು ಮುಂದಿನ ಶೈಕ್ಷಣಿಕ ವರ್ಷದ ಆರಂಭಕ್ಕೆ ಮುನ್ನವೇ ಇಂಥದೊಂದು ನೀತಿಯನ್ನು ಹೊರಡಿಸುವುದು ಉಚಿತ. ಅದನ್ನಾದರೂ ಗುಂಪಿನಲ್ಲಿ ಎಸೆಯದೆ, ಸಂಖ್ಯೆ ದಿನಾಂಕಗಳೊಡನೆ ಕ್ರಮಬದ್ಧವಾಗಿ ಶಾಲೆಗಳಿಗೆ ತಲುಪಿಸಲಿ.